ಓದುತ್ತಾ ಓದುತ್ತಾ ಬರೆಯೋಕೆ ಕೂತದ್ದು ಯಾವಾಗ?

ಗೋಣಿದಾರ

ಎಲ್ಲರಿಗೂ ನಮಸ್ಕಾರ. ಈ ಬಳಗದಲ್ಲಿ ನಾನು ಇಷ್ಟು ದಿನ ಬರೆದದ್ದೆಲ್ಲ ಓದಿದ ಪುಸ್ತಕಗಳ ಬಗ್ಗೆ. ಇವತ್ತು ಬೇರೆ ವಿಷಯ. ನನಗೀಗ 49 ವರ್ಷ. ಹೋದ ವಾರ ನನ್ನ ಮೊದಲ ಕಾದಂಬರಿಯ ಕರಡು ಮುಗಿಯಿತು. ಐದು ಉದ್ದ ನೋಟ್‌ಬುಕ್ ತುಂಬಿವೆ. ಮುಗಿಸಿದ ರಾತ್ರಿ ನಿದ್ದೆ ಬರಲಿಲ್ಲ. ನಲವತ್ತು ವರ್ಷ ಸುಮ್ನೆ ಓದಿಕೊಂಡಿದ್ದವಳು ಬರೆಯೋಕೆ ಯಾಕೆ ಕೂತೆ? ನಿಮ್ಮಲ್ಲಿ ಬರೆಯುವವರು ತುಂಬಾ ಜನ ಇದ್ದೀರಿ. ನಿಮಗೆ ಹೇಗಾಯಿತು, ಹೇಳಿ.

ಮೊದಲು ನನ್ನದು ಹೇಳುತ್ತೇನೆ. ನಮ್ಮದು ಮಲೆನಾಡಿನ ಸಣ್ಣ ಊರು. ವಾರಪತ್ರಿಕೆ ಬಸ್ಸಿನಲ್ಲಿ ಬರುತ್ತಿತ್ತು. ಅಮ್ಮ ಮೊರದಲ್ಲಿ ಅಕ್ಕಿ ಹರವಿಕೊಂಡು ಕಲ್ಲು ಆರಿಸುತ್ತಿದ್ದಳು, ನಾನು ಎದುರು ಕೂತು ಧಾರಾವಾಹಿ ಓದಬೇಕು. ಓದಿ ಆದಮೇಲೆ ಅಮ್ಮ ಪಿನ್ನು ಬಿಡಿಸಿ ಆ ಪುಟಗಳನ್ನು ಮಾತ್ರ ತೆಗೆದು ಪೆಟ್ಟಿಗೆಯಲ್ಲಿ ಇಡುತ್ತಿದ್ದಳು. ಕಾದಂಬರಿ ಮುಗಿದ ಮೇಲೆ ದಬ್ಬಳದಲ್ಲಿ ತೂತು ಹಾಕಿ, ಗೋಣಿದಾರದಲ್ಲಿ ಹೊಲಿದು, ಹಳೇ ಕ್ಯಾಲೆಂಡರಿನ ಹಾಳೆಯ ರಟ್ಟು ಹಾಕಿದರೆ ಪುಸ್ತಕ ಆಯಿತು. ಹಾಳೆಯ ಈ ಕಡೆ ಕಥೆ, ಆ ಕಡೆ ಮಾವಿನಮಿಡಿ ಉಪ್ಪಿನಕಾಯಿ ಹಾಕುವ ಬಗೆ. ಹಾಗೆ ಹೊಲಿದ ಹದಿನೇಳು ಪುಸ್ತಕ ಇನ್ನೂ ನಮ್ಮ ಮನೆಯಲ್ಲಿವೆ.

ನಾನು ಎಂಟನೇ ಕ್ಲಾಸಿನಲ್ಲಿದ್ದ ವರ್ಷ ಮಳೆಗೆ ದಾರಿಯಲ್ಲಿ ಮರ ಬಿದ್ದು ನಾಲ್ಕು ದಿನ ಬಸ್ಸೇ ಬರಲಿಲ್ಲ. ಆ ವಾರದ ಸಂಚಿಕೆ ಸಿಗಲಿಲ್ಲ. ಹದಿನಾಲ್ಕನೇ ಕಂತು ಹೋಯಿತು. ಹದಿಮೂರರ ಕೊನೆಯಲ್ಲಿ ಕಥೆಯ ಹೆಂಗಸು ಟ್ರಂಕು ಹಿಡಿದು ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದಾಳೆ. ಹದಿನೈದು ಶುರುವಾಗುವಾಗ ಬಿಟ್ಟು ಬಂದ ಮನೆಯ ಅಡುಗೆಮನೆಯಲ್ಲೇ ಹಾಲು ಕಾಯಿಸುತ್ತಿದ್ದಾಳೆ. ಅಮ್ಮ ಹೊಲಿಯುವಾಗ ಆ ಜಾಗಕ್ಕೆ ಎರಡು ಬಿಳಿ ಹಾಳೆ ಸೇರಿಸಿದಳು. "ಮುಂದೆ ಎಲ್ಲಾದರೂ ಸಿಕ್ಕಿದರೆ ನೋಡಿ ಬರೆದು ಹಾಕು" ಅಂದಳು.

ಸಿಗಲಿಲ್ಲ. ಬೇಸಿಗೆ ರಜೆಯಲ್ಲಿ ನಾನೇ ಬರೆದೆ. ನಾಲ್ಕು ಮಗ್ಗುಲು, ನೀಲಿ ಇಂಕು. ಕಡೆಯ ಬಸ್ಸು ಬರಲಿಲ್ಲ, ಅದಕ್ಕೆ ವಾಪಸ್ ಬಂದಳು ಅಂತ ಬರೆದೆ. ಅಮ್ಮ ಓದಿದಳು. "ಬಸ್ಸು ಬಂದಿದ್ದರೂ ಅವಳು ಹತ್ತುತ್ತಿರಲಿಲ್ಲ ಕಣೇ" ಅಂದಳು. ಅಷ್ಟೇ. ಪುಸ್ತಕ ಪೆಟ್ಟಿಗೆಗೆ ಹೋಯಿತು. ಆ ಮಾತು ನನ್ನ ತಲೆಯಲ್ಲಿ ಉಳಿಯಿತು.

ಯಾವ ಕಾದಂಬರಿ ಅಂತ ದಯವಿಟ್ಟು ಕೇಳಬೇಡಿ. ಹೇಳಿದರೆ ನಿಮ್ಮಲ್ಲಿ ಯಾರಾದರೂ ಹದಿನಾಲ್ಕನೇ ಕಂತು ಹುಡುಕಿ ಕಳಿಸಿಬಿಡುತ್ತೀರಿ. ನನಗೆ ಅದು ಬೇಡ.

ಇಷ್ಟು ವರ್ಷದ ಓದಿನಲ್ಲಿ ನನ್ನನ್ನು ಬರೆಯೋಕೆ ಕೂರಿಸಿದ್ದು ತುಂಬಾ ಮೆಚ್ಚಿದ ಪುಸ್ತಕ ಅಲ್ಲ ಅಂತ ಈಗ ಅನ್ನಿಸುತ್ತದೆ. ಮೆಚ್ಚಿದ ಪುಸ್ತಕ ಓದಿದಾಗ ಇನ್ನೊಂದು ಪುಸ್ತಕ ಓದುವ ಆಸೆ ಆಗುತ್ತದೆ. ಬರೆಯಬೇಕು ಅನ್ನಿಸಿದ್ದು ಆ ಬಿಳಿ ಹಾಳೆಯಂಥ ಜಾಗ ಕಂಡಾಗ. ನಮ್ಮ ಕಡೆಯ ಕಾದಂಬರಿ ಎಷ್ಟು ಓದಿದ್ದೇನೋ ಲೆಕ್ಕವಿಲ್ಲ. ಅಡಿಕೆ ತೋಟ ಇದೆ, ತೋಟದ ಯಜಮಾನರಿದ್ದಾರೆ, ಅವರ ಮನೆಯ ಹೆಣ್ಣುಮಕ್ಕಳಿದ್ದಾರೆ. ರಾತ್ರಿಯಿಡೀ ಮೆಟ್ಟುಕತ್ತಿಯ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದ ಹೆಂಗಸರು ಮಾತ್ರ ಕಥೆಯ ಒಂದು ಮೂಲೆಯಲ್ಲಿ ಬಂದು ಹೋಗುತ್ತಾರೆ. ಚಿಕ್ಕಂದಿನಲ್ಲಿ ನಾನು ಅವರ ಮಾತು ಕೇಳುತ್ತಾ ನಿದ್ದೆ ಹೋದವಳು. ಅವರು ಎಲ್ಲಿ ಅಂತ ಹುಡುಕುತ್ತಾ ಹುಡುಕುತ್ತಾ ಕೊನೆಗೆ ಪೆನ್ನು ಹಿಡಿದೆ.

ತುಂಗಾ ಕಿನಾರೆ

ಅಕ್ಕ, ಇದನ್ನು ಓದಿದ ಕೂಡಲೇ ನನಗೆ ಎಂ.ಕೆ. ಇಂದಿರಾ ನೆನಪಾದರು. ತೀರ್ಥಹಳ್ಳಿಯಲ್ಲಿ 1917ರಲ್ಲಿ ಹುಟ್ಟಿದವರು. ಏಳು ವರ್ಷ ಶಾಲೆ, ಹನ್ನೆರಡಕ್ಕೆ ಮದುವೆ. ಆಮೇಲೆ ಮನೆಯಲ್ಲೇ ಓದಿಕೊಂಡರು, ಹಳೆಯ ಕನ್ನಡ ಕಾವ್ಯ, ಹಿಂದಿ ಸಾಹಿತ್ಯ ಎಲ್ಲ. ಕಾದಂಬರಿ ಬರೆಯುವ ಮನಸ್ಸಾದದ್ದು 45ರ ಹೊತ್ತಿಗೆ. ಮೊದಲನೆಯದು, 'ತುಂಗಭದ್ರಾ', ಬಂದದ್ದು 1963ರಲ್ಲಿ.

ಇನ್ನೊಂದು ಸಂಗತಿ ನನಗೆ ಬಹಳ ಇಷ್ಟ. ತಾವು ಬರೆಯುವುದಕ್ಕೆ ಎಷ್ಟೋ ಮೊದಲು ಅವರು ಇನ್ನೊಬ್ಬರ ಹಸ್ತಪ್ರತಿ ಓದಿದವರು. ಮಂಡ್ಯದಲ್ಲಿದ್ದಾಗ ತ್ರಿವೇಣಿಯವರ ಬರಹ ಓದಿ, ಇದು ಜನರಿಗೆ ತಲುಪಬೇಕು ಅಂತ ಬೆಳಕಿಗೆ ತಂದವರು ಇಂದಿರಾ. ತ್ರಿವೇಣಿ ಮನಶ್ಶಾಸ್ತ್ರ ಓದಿದವರು, ಹತ್ತೇ ವರ್ಷದಲ್ಲಿ ಇಪ್ಪತ್ತರಷ್ಟು ಕಾದಂಬರಿ ಬರೆದು 1963ರಲ್ಲಿ ತೀರಿಕೊಂಡರು. 34 ವರ್ಷ ಅಷ್ಟೆ. ಅದೇ ವರ್ಷ ಇಂದಿರಾ ಅವರ ಮೊದಲ ಕಾದಂಬರಿ. ನನಗೆ ಆ ಎರಡು ಇಸವಿ ಒಟ್ಟಿಗೆ ಕಂಡಾಗ ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿ ಕೂತಿದ್ದೆ.

ನೀವು ಹೇಳಿದ ಬಿಳಿ ಹಾಳೆ ಅವರಲ್ಲೂ ಇದೆ ಅಲ್ವಾ? 'ಫಣಿಯಮ್ಮ' 1976ರದ್ದು. ಚಿಕ್ಕಂದಿನಲ್ಲೇ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿಕೊಂಡು, 112 ವರ್ಷ ಬದುಕಿದ ಒಬ್ಬ ಹೆಂಗಸು. ಆ ಹೆಂಗಸನ್ನು ಇಂದಿರಾ ಸ್ವತಃ ಕಂಡಿದ್ದರು, ಕಥೆಯನ್ನು ತಮ್ಮ ಅಮ್ಮನ ಬಾಯಲ್ಲಿ ಕೇಳಿದ್ದರು. ಅಂಥವರು ಮಲೆನಾಡಿನ ಮನೆಮನೆಯ ಹಿಂದಿನ ಕೋಣೆಯಲ್ಲಿದ್ದರು. ಬೇರೆಯವರ ಕಥೆಯಲ್ಲಿ ಅವರ ಕೆಲಸ ಅಂದರೆ ಹಪ್ಪಳ ಒಣಗಿಸುವುದು, ಬಾಣಂತನ ಮಾಡುವುದು. ಇಂದಿರಾ ಆ ಕೋಣೆಯೊಳಗೇ ಹೋಗಿ ಕೂತರು.

ಪಯಸ್ವಿನಿ

1963 ಅಂದಿರಿ. ನಾನು ಕಾಸರಗೋಡಿನವಳು, ನನಗೂ ಆ ಇಸವಿ ಮುಖ್ಯ. ಸಾರಾ ಅಬೂಬಕ್ಕರ್ ಅವರಿಗೆ ಗ್ರಂಥಾಲಯದ ಸದಸ್ಯತ್ವ ಸಿಕ್ಕಿದ್ದು 1963ರಲ್ಲಿ. ಆಗ ಅವರಿಗೆ 27 ವರ್ಷ.

ಕಾಸರಗೋಡಿನಲ್ಲಿ ಶಾಲೆ ಓದು ಮುಗಿಸಿದ ಮೊದಲ ಕೆಲವೇ ಮುಸ್ಲಿಂ ಹುಡುಗಿಯರಲ್ಲಿ ಅವರೊಬ್ಬರು, ಅದೂ ಕನ್ನಡ ಶಾಲೆಯಲ್ಲಿ. ಮುಂದೆ ಓದುವ ಆಸೆ ಇತ್ತು, ಸಮುದಾಯದ ಕಟ್ಟುಪಾಡು ಬಿಡಲಿಲ್ಲ. ಮದುವೆ, ನಾಲ್ಕು ಮಕ್ಕಳು. ಆ ನಡುವೆ ಒಂದು ಲೈಬ್ರರಿ ಕಾರ್ಡು. ಲಂಕೇಶ್ ಪತ್ರಿಕೆಯಲ್ಲಿ ಅವರ ಮೊದಲ ಬರಹ ಬಂದದ್ದು 1981ರಲ್ಲಿ. ಲೆಕ್ಕ ಹಾಕಿ, ಹದಿನೆಂಟು ವರ್ಷ ಬರೀ ಓದು. ಆಮೇಲೆ 'ಚಂದ್ರಗಿರಿಯ ತೀರದಲ್ಲಿ'. ತಲಾಕ್ ಆದ ಹುಡುಗಿ ಮೊದಲ ಗಂಡನ ಹತ್ತಿರ ಹೋಗಬೇಕಾದರೆ ಇನ್ನೊಬ್ಬನನ್ನು ಮದುವೆಯಾಗಿ ಒಂದು ರಾತ್ರಿ ಕಳೆಯಬೇಕು ಅನ್ನುವ ಕಥೆ. ನಮ್ಮ ದೊಡ್ಡಮ್ಮ ಅದನ್ನು ಅಕ್ಕಿ ಡಬ್ಬದ ಹಿಂದೆ ಇಟ್ಟುಕೊಂಡು ಓದಿದರು. ಓದಿ ಮುಗಿಸಿ, "ನಮ್ಮ ಮನೆಯ ಮಾತು ಹೀಗೆ ಅಚ್ಚಾಗುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ" ಅಂದರಂತೆ.

ಆ ಹದಿನೆಂಟು ವರ್ಷ ಸಾರಾ ಅವರು ಓದಿದ ಕನ್ನಡ ಕಾದಂಬರಿಗಳಲ್ಲಿ ದೊಡ್ಡಮ್ಮನಂಥವರು ಎಷ್ಟು ಕಡೆ ಇದ್ದರು? ಹುಡುಕಿದರೂ ಸಿಗುವುದು ಕಷ್ಟ. ಗೋಣಿದಾರ ಅವರೇ, ನಿಮ್ಮ ಮಾತು ನನಗೆ ಪೂರ್ತಿ ಒಪ್ಪಿಗೆ.

ವರದಾ ದಂಡಿ

ನಮ್ಮ ಹಾವೇರಿ ಕಡೆಯ ಗಳಗನಾಥರನ್ನೂ ಸೇರಿಸಿಕೊಳ್ಳಿ. 1869ರಲ್ಲಿ ಹುಟ್ಟಿದ ಶಾಲಾ ಮಾಸ್ತರರು. ಆಗ ಇಲ್ಲಿ ಮರಾಠಿಯದೇ ಜೋರು. ಹರಿ ನಾರಾಯಣ ಆಪಟೆಯವರ ಮರಾಠಿ ಕಾದಂಬರಿಗಳನ್ನು ಓದಿದರು, ಕನ್ನಡಕ್ಕೆ ತಂದರು, ಆಮೇಲೆ ವಿಜಯನಗರದ ಮೇಲೆ ತಮ್ಮದೇ 'ಮಾಧವ ಕರುಣಾ ವಿಲಾಸ' ಬರೆದರು. ಬರೆದದ್ದನ್ನು ಹೊತ್ತುಕೊಂಡು ಊರೂರು ಅಲೆದು ಮಾರಿದರು. ಆ ಕಡೆ ಮೈಸೂರು ಸೀಮೆಯಲ್ಲಿ ಬಿ. ವೆಂಕಟಾಚಾರ್ಯರು ಬಂಗಾಳಿ ಕಲಿತು, ಬಂಕಿಮಚಂದ್ರರ ಕಾದಂಬರಿಗಳನ್ನು ಕನ್ನಡದಲ್ಲಿ ಕೊಟ್ಟರು. ಇವರಿಬ್ಬರಿಗೂ ಕಂಡ ಖಾಲಿ ಜಾಗ ಇನ್ನೂ ದೊಡ್ಡದು. ಅವರಲ್ಲಿ ಇಂಥದ್ದು ಇದೆ, ನಮ್ಮ ಭಾಷೆಯಲ್ಲಿ ಇಲ್ಲವಲ್ಲ ಅನ್ನುವ ಸಂಕಟ ಅದು.

ಕಪಿಲೆ ದಂಡೆ

ಒಂದು ಮಾತು ಹೇಳಲೇಬೇಕು, ಬೇಜಾರು ಮಾಡಿಕೊಳ್ಳಬೇಡಿ. ಇಲ್ಲಿ ಎಲ್ಲರೂ ಪುಸ್ತಕ ಇದ್ದ ಮನೆಯಿಂದ ಬಂದವರ ಥರ ಮಾತಾಡುತ್ತಿದ್ದೀರಿ. ನಮ್ಮ ಮನೆಯಲ್ಲಿ ಅಚ್ಚಾದ ಅಕ್ಷರ ಅಂದರೆ ಗೊಬ್ಬರದ ಚೀಲ. ನನ್ನ ಅಪ್ಪನಿಗೆ ಓದು ಬರುತ್ತಿರಲಿಲ್ಲ. ಆದರೆ ನೀಲಗಾರರು ಬಂದು ಮಂಟೇಸ್ವಾಮಿ ಕಾವ್ಯ ಹಾಡಿದರೆ ಬೆಳಗಿನ ಜಾವದವರೆಗೆ ಅಲ್ಲಾಡದೆ ಕೂರುತ್ತಿದ್ದ. ಮಾರನೇ ದಿನ ಗದ್ದೆಯಲ್ಲಿ ಅದನ್ನೇ ತನ್ನ ಮಾತಿನಲ್ಲಿ ನಮಗೆ ಹೇಳುತ್ತಿದ್ದ. ಎಲ್ಲಿ ನಿಲ್ಲಿಸಬೇಕು, ಎಲ್ಲಿ ದನಿ ಇಳಿಸಬೇಕು ಎಲ್ಲ ಅವನಿಗೆ ಗೊತ್ತಿತ್ತು. ಅದು ಓದು ಅಲ್ಲವೇ?

ದೇವನೂರ ಮಹಾದೇವ ಅವರ 'ಕುಸುಮಬಾಲೆ' ನಾನು ಕಾಲೇಜಿನಲ್ಲಿ ಓದಿದೆ. ಪಟ್ಟಣದ ಗೆಳೆಯರು ಭಾಷೆ ಕಷ್ಟ ಅಂದರು. ನನಗೆ ಒಂದು ಸಾಲೂ ಕಷ್ಟ ಆಗಲಿಲ್ಲ, ಅದು ನನ್ನ ಅಜ್ಜಿಯ ಮಾತು. 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅಲ್ಲಿಯವರೆಗೆ ನಾನು ಬರೆಯುವಾಗ ನಮ್ಮ ಮಾತನ್ನು ತಿದ್ದಿ ತಿದ್ದಿ ಬರೆಯುತ್ತಿದ್ದೆ. ಆ ಪುಸ್ತಕ ಓದಿದ ಮೇಲೆ ತಿದ್ದುವುದನ್ನು ಬಿಟ್ಟೆ. ಹಾಗಾಗಿ ಖಾಲಿ ಜಾಗ ಕಂಡು ಬರೆಯುವವರೂ ಇದ್ದಾರೆ, ನನ್ನಂಥವರು ನಮ್ಮ ಜಾಗ ತುಂಬಿದ್ದನ್ನು ಕಂಡ ಮೇಲೆ ಧೈರ್ಯ ಬಂದು ಬರೆದವರು.

ಗೋಣಿದಾರ

ಕಪಿಲೆ ದಂಡೆ ಅವರೇ, ಬೇಜಾರು ಯಾಕೆ? ನೀವು ಹೇಳಿದ್ದು ಸರಿ. ನಮ್ಮ ಮನೆಗೆ ವಾರಪತ್ರಿಕೆ ಬರುತ್ತಿತ್ತು ಅನ್ನುವುದೇ ಎಷ್ಟು ದೊಡ್ಡ ಅನುಕೂಲ ಅಂತ ಬರೆಯುವಾಗ ನಾನು ಯೋಚಿಸಲಿಲ್ಲ. ನನ್ನ ಕಾದಂಬರಿಯ ಹೆಂಗಸರಿಗೂ ಓದು ಬರುತ್ತಿರಲಿಲ್ಲ. ಸುಲಿಯುತ್ತಾ ಸುಲಿಯುತ್ತಾ ಅವರು ಹೇಳಿದ ಕಥೆಗಳೇ ನಾನು ಕೇಳಿದ ಮೊದಲ ಕಥೆಗಳು. ನಿಮ್ಮ ಅಪ್ಪ ಮಾರನೇ ದಿನ ತಮ್ಮ ಮಾತಿನಲ್ಲಿ ಹೇಳುತ್ತಿದ್ದರು ಅಂದಿರಲ್ಲ, ಅದನ್ನು ಮೂರು ಸಲ ಓದಿದೆ. ಅದನ್ನು ಎಲ್ಲಾದರೂ ಬರೆದಿದ್ದೀರಾ? ಬರೆಯದಿದ್ದರೆ ಬರೆಯಿರಿ.

ರಾತ್ರಿಪಾಳಿ

ನಾನು ಇಲ್ಲಿ ಎಲ್ಲರಿಗಿಂತ ಚಿಕ್ಕವನು ಅನ್ನಿಸುತ್ತದೆ, 26. ಬೆಂಗಳೂರಿನಲ್ಲಿ ರಾತ್ರಿ ಕೆಲಸ, ಬೆಳಿಗ್ಗೆ ಮೆಟ್ರೋದಲ್ಲಿ ಬರುವಾಗ ಓದುತ್ತೇನೆ. ಬರೆಯುವ ಆಸೆ ಜಾಸ್ತಿ ಇದೆ. ಆದರೆ ತೊಂದರೆ ಏನೆಂದರೆ, ಯಾರನ್ನು ಓದುತ್ತಿರುತ್ತೇನೋ ಅವರ ಹಾಗೇ ಬರೆಯುತ್ತೇನೆ. ತೇಜಸ್ವಿ ಓದಿದ ತಿಂಗಳು ನನ್ನ ಕಥೆಯಲ್ಲಿ ಕಾಡು, ನಾಯಿ, ಕೆಟ್ಟ ಜೀಪು. ನಾನು ಹುಟ್ಟಿದ್ದು ಪೀಣ್ಯದಲ್ಲಿ, ಕಾಡು ನೋಡಿದ್ದು ಎರಡು ಸಲ. ಓದು ಜಾಸ್ತಿಯಾದರೆ ನಮ್ಮ ದನಿ ಹೋಗುತ್ತದಾ? ಬರೆಯುವ ತನಕ ಓದು ನಿಲ್ಲಿಸಬೇಕಾ?

ಕಪಾಟಿನ ಕೀಲಿ

ನಿಲ್ಲಿಸಬೇಡ ತಮ್ಮಾ. ನಾನು 31 ವರ್ಷ ಸಾರ್ವಜನಿಕ ಗ್ರಂಥಾಲಯದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಒಬ್ಬ ಓದುಗರ ಕಥೆ ಹೇಳುತ್ತೇನೆ.

ವಿಜಯಪುರದ ಕಡೆಯ ಒಂದು ತಾಲ್ಲೂಕಿನಲ್ಲಿದ್ದೆ. ಕಾದಂಬರಿಗಳ ಅಂಚಿನಲ್ಲಿ ಯಾರೋ ಪೆನ್ಸಿಲ್ಲಿನಲ್ಲಿ ಬರೆಯುತ್ತಿದ್ದರು. ಒಂದು ಕಡೆ ಕಥೆಯಲ್ಲಿ ನಾಗರ ಪಂಚಮಿಗೆ ಬಿಳಿಜೋಳ ಕೊಯ್ಯುತ್ತಾರೆ. ಅಂಚಿನಲ್ಲಿ ಹೀಗಿತ್ತು: "ಪಂಚಮಿಗೆ ಬಿಳಿಜೋಳ ಕೊಯ್ಯಾಂಗಿಲ್ಲ. ಆಗ ಬಿತ್ತಿಗೀನೂ ಆಗಿರೂದಿಲ್ಲ." ಇನ್ನೊಂದು ಪುಸ್ತಕದಲ್ಲಿ: "ರಾಶಿ ಮಾಡೂಮುಂದ ಕಣದಾಗ ಯಾರೂ ಹಿಂಗ ಮಾತಾಡಂಗಿಲ್ಲ." ಹನ್ನೊಂದು ಪುಸ್ತಕದಲ್ಲಿ ಒಂದೇ ಕೈಬರಹ. ದಿನಾಂಕದ ಚೀಟಿ ನೋಡಿ, ಸದಸ್ಯತ್ವದ ನಂಬರು ಹಿಡಿದು ಹುಡುಕಿದೆ. ಅರವತ್ತು ದಾಟಿದ ರೈತರು. ದಂಡ ಹಾಕುತ್ತೇನೆ ಅಂದುಕೊಂಡು ತಲೆ ತಗ್ಗಿಸಿ ನಿಂತರು. ಒಂದು ನೂರು ಪುಟದ ನೋಟ್‌ಬುಕ್ ಕೊಟ್ಟೆ. "ಪುಸ್ತಕದೊಳಗ ಬರೀಬ್ಯಾಡ್ರಿ, ಇದರೊಳಗ ಬರೀರಿ" ಅಂದೆ. ಮೊದಲು ತಪ್ಪುಗಳ ಪಟ್ಟಿ ಬರೆದು ತಂದರು. ನಾಲ್ಕು ತಿಂಗಳಾಗುವಷ್ಟರಲ್ಲಿ ಪಟ್ಟಿ ಹೋಗಿ ಕಣದ ಕಥೆ ಶುರುವಾಗಿತ್ತು. ಅದು ಎಲ್ಲೂ ಅಚ್ಚಾಗಲಿಲ್ಲ. ಅವರು ತೀರಿಕೊಂಡ ಮೇಲೆ ಮಗ ಮೂರು ನೋಟ್‌ಬುಕ್ ತಂದು ನನಗೆ ಕೊಟ್ಟ. ಈಗಲೂ ನನ್ನ ಹತ್ತಿರ ಇವೆ.

ನಮ್ಮ ಗ್ರಂಥಾಲಯ ಕಾಯ್ದೆ 1965ರದ್ದು. ಆಸ್ತಿ ತೆರಿಗೆಯ ಜೊತೆ ಜನ ಶೇಕಡಾ 6ರಷ್ಟು ಗ್ರಂಥಾಲಯ ಕರ ಕಟ್ಟುತ್ತಾರೆ. ಆ ದುಡ್ಡಿಗೆ ಬಂದ ಪುಸ್ತಕದ ಅಂಚಿನಲ್ಲಿ ಒಬ್ಬ ಬರಹಗಾರ ಹುಟ್ಟಿದ್ದನ್ನು ನಾನು ಕಣ್ಣಾರೆ ಕಂಡೆ.

ನಿನ್ನ ಪ್ರಶ್ನೆಗೆ ಉತ್ತರ: ಇನ್ನೊಬ್ಬರ ಹಾಗೆ ಬರೆಯುವುದಕ್ಕೆ ಹೆದರಬೇಡ. ಕುವೆಂಪು ಮೈಸೂರಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ಇಂಗ್ಲಿಷ್ ಕವಿಗಳನ್ನು ಓದಿ ಓದಿ ಇಂಗ್ಲಿಷಿನಲ್ಲೇ ಬರೆದರು. 1922ರಲ್ಲಿ ಆ ಪುಸ್ತಕ ಅಚ್ಚೂ ಆಯಿತು. 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಸಿಕ್ಕಿ, ನಿಮ್ಮ ಭಾಷೆಯಲ್ಲಿ ಬರೆಯಿರಿ ಅಂದ ಮೇಲೆ ಕನ್ನಡಕ್ಕೆ ಹೊರಳಿದರು. ಹಾರ್ಡಿ, ಟಾಲ್‌ಸ್ಟಾಯ್ ಓದುವುದನ್ನು ಬಿಡಲಿಲ್ಲ. ಆ ಓದೆಲ್ಲ ಒಳಗೇ ಇಟ್ಟುಕೊಂಡು 1936ರಲ್ಲಿ 'ಕಾನೂರು ಸುಬ್ಬಮ್ಮ ಹೆಗ್ಗಡಿತಿ' ಕೊಟ್ಟರು. ಅದರಲ್ಲಿ ಇರುವುದು ಮಲೆನಾಡಿನ ಮನೆಗಳೇ. ಹಾರ್ಡಿಯಿಂದ ಅವರಿಗೆ ಸಿಕ್ಕಿದ್ದು ಒಂದು ಮೂಲೆಯ ಹಳ್ಳಿನಾಡೂ ಒಂದು ದೊಡ್ಡ ಕಾದಂಬರಿಗೆ ಸಾಕು ಅನ್ನುವ ನಂಬಿಕೆ ಅಂತ ನನ್ನ ಎಣಿಕೆ. ನಿನಗೆ ತೇಜಸ್ವಿಯಿಂದ ಬೇಕಾದದ್ದು ಕಾಡಲ್ಲ. ಅವರು ಎದುರಿಗೆ ಇರುವುದನ್ನು ಎಷ್ಟು ಹೊತ್ತು ನೋಡುತ್ತಿದ್ದರು ಅನ್ನುವುದನ್ನು ತೆಗೆದುಕೊ. ಪೀಣ್ಯದಲ್ಲಿ ಲೇತ್ ಮೆಷಿನ್ ಇದೆಯಲ್ಲ.

ರಾತ್ರಿಪಾಳಿ

ಸರ್, ನನ್ನ ಅಪ್ಪ ಲೇತ್ ಆಪರೇಟರ್. ನಿಮಗೆ ಹೇಗೆ ಗೊತ್ತಾಯಿತು? ಕಬ್ಬಿಣದ ಸುರುಳಿ ಚೂರು ಅವರ ಅಂಗಿಯ ಜೇಬಿನಿಂದ ಮನೆಯೆಲ್ಲ ಬೀಳುತ್ತಿತ್ತು. ಅಮ್ಮ ಅಯಸ್ಕಾಂತ ಹಿಡಿದು ನೆಲ ಗುಡಿಸುತ್ತಿದ್ದಳು. ಇದನ್ನು ನಾನು ಯಾವ ಕಥೆಯಲ್ಲೂ ಓದಿಲ್ಲ.

ಕಪಾಟಿನ ಕೀಲಿ

ನನಗೆ ಗೊತ್ತಿರಲಿಲ್ಲಪ್ಪ. ಪೀಣ್ಯ ಅಂದೆಯಲ್ಲ, ಅದಕ್ಕೆ ಹೇಳಿದೆ. ಈಗ ಬರೆದೆಯಲ್ಲ ಮೂರು ಸಾಲು, ಅದನ್ನು ಇವತ್ತೇ ಒಂದು ನೋಟ್‌ಬುಕ್ಕಿಗೆ ಇಳಿಸು.

ಒಂಟಿಕೊಪ್ಪಲು

ತಡವಾಗಿ ಬಂದೆ. ಓದು ಒಂದರಿಂದಲೇ ಕಾದಂಬರಿ ಆಗುವುದಿಲ್ಲ ಅನ್ನುವುದನ್ನೂ ಹೇಳಬೇಕು. ಭೈರಪ್ಪನವರು 'ಪರ್ವ' ಬರೆಯುವ ಮೊದಲು ಮಹಾಭಾರತವನ್ನು, ಅದರ ಬಗ್ಗೆ ಇದ್ದ ಪುಸ್ತಕಗಳನ್ನು ರಾಶಿ ರಾಶಿ ಓದಿದರು. ಅಷ್ಟಕ್ಕೆ ನಿಲ್ಲಲಿಲ್ಲ. ಅಣ್ಣತಮ್ಮಂದಿರು ಒಬ್ಬಳನ್ನೇ ಮದುವೆಯಾಗುವ ಪದ್ಧತಿ ಇದ್ದ ಹಿಮಾಲಯದ ಹಳ್ಳಿಗಳಿಗೆ ಹೋಗಿ ಬಂದರು. ದ್ರೌಪದಿಯ ಮನೆಯೊಳಗೆ ದಿನ ಹೇಗೆ ಕಳೆಯುತ್ತಿತ್ತು ಅನ್ನುವುದು ಪುಸ್ತಕದಲ್ಲಿ ಸಿಗುವುದಿಲ್ಲವಲ್ಲ. 1979ರಲ್ಲಿ 'ಪರ್ವ' ಬಂತು. ಗೋಣಿದಾರ ಮೇಡಂ, ನೀವು ಬರೆಯುವ ಮೊದಲು ಸುಲಿಯುವವರನ್ನು ಮತ್ತೆ ಹೋಗಿ ನೋಡಿದಿರಾ, ನೆನಪಿನಿಂದಲೇ ಬರೆದಿರಾ?

ಗೋಣಿದಾರ

ಸರ್, ಹೋಗಿದ್ದೆ. ಎರಡು ಸುಗ್ಗಿಗೆ ಹೋಗಿದ್ದೆ. ಈಗ ಎಷ್ಟೋ ಕಡೆ ಸುಲಿಯುವ ಮೆಷಿನ್ ಬಂದಿದೆ. ಒಂದು ಮನೆಯಲ್ಲಿ ಮಾತ್ರ ಇನ್ನೂ ಕೈಯಲ್ಲೇ ಸುಲಿಯುವ ಆರು ಹೆಂಗಸರು ಸಿಕ್ಕರು. ನಾನೂ ಮೆಟ್ಟುಕತ್ತಿಯ ಮುಂದೆ ಕೂತೆ. ಹತ್ತು ನಿಮಿಷಕ್ಕೆ ಹೆಬ್ಬೆರಳು ಕೊಯ್ದುಕೊಂಡೆ. ಅವರು ಕತ್ತಿಯ ಕಡೆ ನೋಡುವುದೇ ಇಲ್ಲ, ಮುಖ ನೋಡಿ ಮಾತಾಡುತ್ತಲೇ ಸುಲಿಯುತ್ತಾರೆ. ಅಡಿಕೆಯ ಕಲೆ ಬೆರಳಿಗೆ ಹತ್ತಿದರೆ ವಾರಗಟ್ಟಲೆ ಹೋಗುವುದಿಲ್ಲ. ಆ ಕಲೆ ಹತ್ತಿದ ಬೆರಳಲ್ಲೇ ಮೊದಲ ಅಧ್ಯಾಯ ಬರೆದೆ.

ನಿನ್ನೆ ರಾತ್ರಿ ಒಂದು ಸಂಗತಿ ಆಯಿತು, ಅದನ್ನು ನಿಮಗೆ ಹೇಳಬೇಕು. ಅಮ್ಮನಿಗೆ ಈಗ 81. ಕಣ್ಣು ಮಂಜು, ಓದಲು ಆಗುವುದಿಲ್ಲ. ದಿನಾ ರಾತ್ರಿ ಊಟದ ಮೇಲೆ ಒಂದೊಂದು ಅಧ್ಯಾಯ ನಾನೇ ಓದಿ ಹೇಳುತ್ತಿದ್ದೇನೆ. ಈಗಿನ ಅಕ್ಕಿಯಲ್ಲಿ ಕಲ್ಲು ಎಲ್ಲಿ ಬರುತ್ತದೆ, ಆದರೂ ಕಥೆ ಕೇಳುವಾಗ ಅಮ್ಮನಿಗೆ ಮೊರ ಬೇಕು. ಬೆರಳಲ್ಲಿ ಅಕ್ಕಿ ಸರಿಸುತ್ತಾ ಕೂರುತ್ತಾಳೆ. ಐದು ಅಧ್ಯಾಯದವರೆಗೆ ಏನೂ ಹೇಳಲಿಲ್ಲ. ಆರನೆಯದರಲ್ಲಿ ಸುಲಿಯುವ ಹೆಂಗಸು ಸಂಜೆ ಬಂದು ಕೂರುತ್ತಾಳೆ, ರಾತ್ರಿ ಎರಡಕ್ಕೆ ಎದ್ದು ಹೋಗುತ್ತಾಳೆ. ನನಗೆ ತುಂಬಾ ಇಷ್ಟವಾದ ಅಧ್ಯಾಯ ಅದು, ಏಳು ಸಲ ತಿದ್ದಿದ್ದೇನೆ. ಓದಿ ಮುಗಿಸಿದೆ. ಅಮ್ಮನ ಕೈ ಮೊರದಲ್ಲೇ ನಿಂತಿತ್ತು.

"ಇವಳು ಸಂಜೆಯಿಂದ ಏನೂ ತಿಂದೇ ಇಲ್ಲವಲ್ಲೇ" ಅಂದಳು.

ನಾನು ಸುಮ್ಮನಿದ್ದೆ.

"ಹನ್ನೊಂದು ಗಂಟೆಗೆ ಅವಲಕ್ಕಿ ಕಲಸಿ ಕಾಫಿ ಕೊಡುತ್ತಿದ್ದೆವು. ಇವಳು ತನ್ನ ಅವಲಕ್ಕಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಮಕ್ಕಳಿಗೆ ಒಯ್ಯುತ್ತಿದ್ದಳು. ನಾನು ನೋಡಿಯೂ ನೋಡದ ಹಾಗೆ ಇನ್ನೊಂದು ಹಿಡಿ ಹಾಕುತ್ತಿದ್ದೆ. ನಿನಗೆ ಆಗ ನಿದ್ದೆ."

ಇಷ್ಟು ವರ್ಷ ಅಮ್ಮ ಇದನ್ನು ಹೇಳಿರಲೇ ಇಲ್ಲ. ನಾಳೆ ಆರನೇ ಅಧ್ಯಾಯ ಮತ್ತೆ ತೆಗೆಯುತ್ತೇನೆ. ಹನ್ನೊಂದು ಗಂಟೆಯ ಹೊತ್ತಿಗೆ ಅಲ್ಲಿ ಅರ್ಧ ಪುಟ ಜಾಗ ಮಾಡಬೇಕು.